ಅಡಿಕೆ ರೇಟಿನ ಆಪ್ ರಿಪೇರಿ: ಸಣ್ಣ ಸ್ಕ್ರೀನು, ದೊಡ್ಡ ಅಕ್ಷರ, ಪೂರ್ತಿ ಬೆಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಮಾರುಕಟ್ಟೆಗಳ ಅಡಿಕೆ ರೇಟು ತೋರಿಸುವ ಒಂದು ಸಣ್ಣ ಆಂಡ್ರಾಯ್ಡ್ ಆಪ್ ನಮ್ಮ ಊರ ಕಡೆ ಕೆಲವರ ಫೋನಿನಲ್ಲಿದೆ. ಹಿಂದೆ ಪರಿಚಯದವರೊಬ್ಬರು ಮಾಡಿಕೊಟ್ಟಿದ್ದರು. ಅವರಿಗೆ ಈಗ ಇದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಕೋಡ್ ನನ್ನ ಕೈಗೆ ಬಂತು. ರೇಟು ತಂದು ಉಳಿಸಿಕೊಳ್ಳುವ ಭಾಗ ಅಚ್ಚುಕಟ್ಟಾಗಿತ್ತು, ಅದನ್ನು ಮುಟ್ಟಲೇ ಇಲ್ಲ. ತೊಂದರೆ ಇದ್ದದ್ದು ತೋರಿಸುವ ಭಾಗದಲ್ಲಿ. ಒಬ್ಬರ ಫೋನಿನಲ್ಲಿ ಪಟ್ಟಿ ಸರಿಯಾಗಿ ಕಾಣುತ್ತದೆ. ಇನ್ನೊಬ್ಬರದ್ದರಲ್ಲಿ ಬಲಗಡೆಯ ಕಾಲಮ್ಮೇ ಇಲ್ಲ. ಮತ್ತೊಬ್ಬರದ್ದರಲ್ಲಿ ಫೋಟೋ ಪುಟ ತೆರೆದ ಕೂಡಲೇ ಆಪ್ ಮುಚ್ಚಿಹೋಗುತ್ತದೆ.

ಇವುಗಳಲ್ಲಿ ತೀರಾ ಗಂಭೀರ ಅನಿಸಿದ್ದು ನಮ್ಮ ದೊಡ್ಡಪ್ಪ ಹೇಳಿದ್ದು. "ತಮಾ, ರಾಶಿಗೆ ನಾಕ್ ಸಾವ್ರ ಚಿಲ್ರೆ ತೋರಿಸ್ತಲ, ಎಂತಾ ಆಜು?" ಅಂತ ಕೇಳಿದರು. ರಾಶಿ ಅಂದರೆ ಅಡಿಕೆಯ ಒಂದು ಬಗೆ. ಅವರ ಫೋನಿನಲ್ಲಿ ₹48,599 ಇರಬೇಕಾದ ಕಡೆ ₹48,59 ಇತ್ತು. ಕೊನೆಯ ಅಂಕಿ ಕಾಲಮ್ಮಿನ ಅಂಚಿನಲ್ಲಿ ತುಂಡಾಗಿತ್ತು. ತುಂಡಾಗಿದೆ ಅಂತ ತಿಳಿಸುವ ಮೂರು ಚುಕ್ಕಿಯೂ ಇರಲಿಲ್ಲ.

ತೋಟದವರಿಗೆ ಈ ಸಂಖ್ಯೆಯೇ ಆಪ್. ಚಾಲಿ ಅನ್ನುವ ಒಣ ಅಡಿಕೆಯನ್ನು ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಬೇಕೋ, ಇವತ್ತೇ ಗಾಡಿಗೆ ಹಾಕಬೇಕೋ ಅನ್ನುವುದನ್ನು ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ. ಹಾಗಾಗಿ ರಿಪೇರಿ ಶುರು ಮಾಡುವಾಗ ಒಂದೇ ನಿಯಮ ಇಟ್ಟುಕೊಂಡೆ. ಯಾರ ಫೋನೇ ಇರಲಿ, ಅಕ್ಷರವನ್ನು ಎಷ್ಟೇ ದೊಡ್ಡದು ಮಾಡಿಕೊಂಡಿರಲಿ, ಬೆಲೆಯ ಅಂಕಿ ಪೂರ್ತಿ ಕಾಣಬೇಕು. ಅಡಿಕೆಯ ಹೆಸರು ಎರಡು ಸಾಲಾದರೂ ಅಡ್ಡಿಲ್ಲ. ಚಿತ್ರ ಸಣ್ಣದಾದರೂ ಅಡ್ಡಿಲ್ಲ. ಪುಟ ಉದ್ದವಾಗಿ ಬೆರಳಿನಲ್ಲಿ ಸರಿಸಬೇಕಾದರೂ ಅಡ್ಡಿಲ್ಲ. ಮುಂದೆ ಎಲ್ಲಿ ಗೊಂದಲ ಬಂದರೂ ಈ ನಿಯಮವೇ ದಾರಿ ತೋರಿಸಿತು.

ಪಿಕ್ಸೆಲ್ ಅಷ್ಟೇ, ಜಾಗ ಬೇರೆ

ಕೋಡ್ ನೋಡುವ ಮೊದಲು ಮನೆಯಲ್ಲಿ, ಅಕ್ಕಪಕ್ಕದಲ್ಲಿ ಸಿಕ್ಕಿದ ಫೋನುಗಳ ಅಳತೆ ಬರೆದುಕೊಂಡೆ. ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಸಾಧನ) ಮೂಲಕ ಡಬ್ಲ್ಯೂಎಂ ಸೈಜ್, ಡಬ್ಲ್ಯೂಎಂ ಡೆನ್ಸಿಟಿ ಅಂತ ಕೇಳಿದರೆ ಎರಡೂ ಸಂಖ್ಯೆ ಸಿಗುತ್ತವೆ. ಮೊದಲನೆಯದು ಪಿಕ್ಸೆಲ್ ಲೆಕ್ಕ. ಎರಡನೆಯದು ಇಂಚಿಗೆ ಎಷ್ಟು ಚುಕ್ಕಿ ಅಂತ ಫೋನು ಲೆಕ್ಕ ಹಾಕಿಕೊಳ್ಳುವ ಸಂಖ್ಯೆ, ಅಂದರೆ ಡಿಪಿಐ.

ಆಂಡ್ರಾಯ್ಡಿನಲ್ಲಿ ಪುಟ ಜೋಡಿಸುವಾಗ ಲೆಕ್ಕಕ್ಕೆ ಬರುವುದು ಡಿಪಿ ಅನ್ನುವ ಅಳತೆ. ಪಿಕ್ಸೆಲ್ಲನ್ನು 160ರಿಂದ ಗುಣಿಸಿ ಡಿಪಿಐಯಿಂದ ಭಾಗಿಸಿದರೆ ಡಿಪಿ ಸಿಗುತ್ತದೆ. 160 ಯಾಕೆ ಅಂದರೆ 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು 320×480 ಪಿಕ್ಸೆಲ್ಲಿನದು, ಅದು 160 ಡಿಪಿಐ ವರ್ಗಕ್ಕೆ ಸೇರಿತ್ತು. ಇವತ್ತಿಗೂ ಎಲ್ಲಾ ಲೆಕ್ಕಕ್ಕೆ ಅದೇ ಬುಡ.

ನನಗೆ ಸಿಕ್ಕಿದ ಅಳತೆಗಳು ಹೀಗಿದ್ದವು. ಅತ್ತಿಗೆಯ ಹಳೇ ಫೋನು 480×854, ಡಿಪಿಐ 240. ಅಗಲ 320 ಡಿಪಿ. ಪಕ್ಕದ ಮನೆಯವರದ್ದು 720×1600, ಡಿಪಿಐ 320. ಅಗಲ 360 ಡಿಪಿ. ನನ್ನದು 1080×2400, ಡಿಪಿಐ 420. ಅಗಲ 411 ಡಿಪಿ. ದೊಡ್ಡಪ್ಪನದ್ದೂ 1080×2400, ಆದರೆ ಡಿಪಿಐ 480. ಅಗಲ 360 ಡಿಪಿ.

ಕೊನೆಯ ಎರಡನ್ನು ನೋಡಿ. ಪಿಕ್ಸೆಲ್ ಒಂದೂ ಹೆಚ್ಚುಕಡಿಮೆ ಇಲ್ಲ. ಆದರೂ ನನ್ನ ಫೋನಿನಲ್ಲಿ 50 ಡಿಪಿ ಜಾಸ್ತಿ ಜಾಗ ಇದೆ. ಅಷ್ಟು ಜಾಗದಲ್ಲಿ ಸಣ್ಣ ಅಕ್ಷರದ ಒಂದು ಬೆಲೆ ಪೂರ್ತಿ ಕೂರುತ್ತದೆ. "ಎರಡೂ ಫುಲ್ ಎಚ್‌ಡಿ ಫೋನು, ಒಂದೇ ಥರ ಕಾಣುತ್ತೆ" ಅಂತ ಸುಮ್ನೆ ನಂಬಿಕೊಂಡರೆ ಇಲ್ಲೇ ಎಡವುತ್ತೇವೆ.

ಇದರ ಮೇಲೆ ಇನ್ನೊಂದು ವಿಷಯ ಇದೆ. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಡಿಸ್‌ಪ್ಲೇ ಸೈಜ್ ಅನ್ನುವ ಸೆಟ್ಟಿಂಗ್ ಇದೆ. ಅದನ್ನು ದೊಡ್ಡದು ಮಾಡಿದರೆ ಫೋನು ತನ್ನ ಡಿಪಿಐ ಸಂಖ್ಯೆಯನ್ನೇ ಏರಿಸಿಕೊಳ್ಳುತ್ತದೆ. ಆಗ ಆಪಿಗೆ ಸಿಗುವ ಡಿಪಿ ಕಡಿಮೆಯಾಗುತ್ತದೆ. 360 ಇದ್ದದ್ದು 320ಕ್ಕೆ ಇಳಿಯಬಹುದು. ಆ ಸೆಟ್ಟಿಂಗು ಸ್ಕ್ರೀನಿನ ಸಣ್ಣ ಬದಿಯನ್ನು 320ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ ಅನ್ನುವುದೊಂದು ಸಮಾಧಾನ. ಕನ್ನಡಕ ಇಲ್ಲದೆ ಓದಬೇಕು ಅನ್ನುವವರು ಡಿಸ್‌ಪ್ಲೇ ಸೈಜನ್ನೂ ಏರಿಸುತ್ತಾರೆ, ಅಕ್ಷರದ ಗಾತ್ರವನ್ನೂ ಏರಿಸುತ್ತಾರೆ. ಅವರ ಫೋನು ಆರೂವರೆ ಇಂಚಿನದ್ದಾಗಿರಬಹುದು. ಅಕ್ಷರ ಹಿಡಿಸುವ ಲೆಕ್ಕದಲ್ಲಿ ಅದು ಅತ್ತಿಗೆಯ ಹಳೇ ಫೋನಿಗಿಂತ ಚಿಕ್ಕದು.

ಹಾಗಾಗಿ ನನ್ನ ಅಳತೆಗೋಲು ನಿಕ್ಕಿಯಾಯಿತು. 320 ಡಿಪಿ ಅಗಲ, ಅಕ್ಷರ ಎರಡು ಪಟ್ಟು, ಭಾಷೆ ಕನ್ನಡ. ಮೊದಲು ಇದರಲ್ಲಿ ಸರಿಯಾಗಬೇಕು. ಮಿಕ್ಕ ಫೋನುಗಳಿಗೆ ಬರೀ ಜಾಗ ಜಾಸ್ತಿ ಆಗುತ್ತದೆ, ಅದು ಸುಲಭದ ಸಮಸ್ಯೆ.

ಅಂಕಿ ತುಂಡಾದದ್ದು ಯಾಕೆ

ಹಳೇ ಕೋಡಿನಲ್ಲಿ ಪಟ್ಟಿಯ ನಾಲ್ಕು ಕಾಲಮ್ಮಿನ ಅಗಲ ಪಿಕ್ಸೆಲ್ಲಿನಲ್ಲಿತ್ತು. ಹೆಸರಿಗೆ 200, ಕನಿಷ್ಠ ಬೆಲೆಗೆ 170, ಗರಿಷ್ಠಕ್ಕೆ 170, ಸರಾಸರಿಗೆ 180. ಒಟ್ಟು 720. ಅಂದರೆ 720 ಪಿಕ್ಸೆಲ್ಲಿನ ಒಂದು ಫೋನು ಎದುರಿಗಿಟ್ಟುಕೊಂಡು ಮಾಡಿದ್ದು ಅಂತ ಗೊತ್ತಾಗುತ್ತದೆ. ಅತ್ತಿಗೆಯ 480 ಪಿಕ್ಸೆಲ್ ಫೋನಿನಲ್ಲಿ ಸರಾಸರಿ ಕಾಲಮ್ಮು ಸ್ಕ್ರೀನಿನ ಆಚೆ ಹೋಗಿತ್ತು. ಅದು ಊಹಿಸಿದ ಹಾಗೇ.

ದೊಡ್ಡಪ್ಪನ ಫೋನಿನದ್ದು ಮಾತ್ರ ವಿಚಿತ್ರ. 1080ರಲ್ಲಿ 720 ಪಿಕ್ಸೆಲ್ಲಿನ ಪಟ್ಟಿ. ಬಲಗಡೆ ಮೂರನೇ ಒಂದು ಭಾಗ ಖಾಲಿ ಬಿದ್ದಿದೆ. ಆದರೂ ಅಂಕಿ ತುಂಡು! ಕಾರಣ ಇಷ್ಟೇ. ಕಾಲಮ್ಮಿನ ಅಗಲ ಪಿಕ್ಸೆಲ್ಲಿನಲ್ಲಿತ್ತು, ಅಕ್ಷರದ ಗಾತ್ರ 14 ಎಸ್‌ಪಿ ಇತ್ತು. ಎಸ್‌ಪಿ ಅಂದರೆ ಡಿಪಿಯ ಹಾಗೇ, ಜೊತೆಗೆ ಬಳಸುವವರು ಇಟ್ಟುಕೊಂಡ ಅಕ್ಷರದ ಗಾತ್ರಕ್ಕೂ ತಕ್ಕಂತೆ ಬೆಳೆಯುವ ಅಳತೆ. 320 ಡಿಪಿಐ ಫೋನಿನಲ್ಲಿ 14 ಎಸ್‌ಪಿ ಅಂದರೆ 28 ಪಿಕ್ಸೆಲ್. 480ರಲ್ಲಿ 42 ಪಿಕ್ಸೆಲ್. ₹48,599 ಅನ್ನುವುದಕ್ಕೆ ಮೊದಲನೆಯದರಲ್ಲಿ ಸುಮಾರು 100 ಪಿಕ್ಸೆಲ್ ಸಾಕು, ಎರಡನೆಯದರಲ್ಲಿ ಸುಮಾರು 150 ಬೇಕು. ದೊಡ್ಡಪ್ಪ ಅಕ್ಷರವನ್ನು 1.3 ಪಟ್ಟು ಮಾಡಿಕೊಂಡಿದ್ದರು. ಆಗ 200ರ ಹತ್ತಿರ ಹೋಯಿತು. ಕಾಲಮ್ಮು ಅದೇ 170ರಲ್ಲಿ ನಿಂತಿತ್ತು. ಒಂದು ಅಳತೆ ಬೆಳೆಯುತ್ತದೆ, ಪಕ್ಕದ್ದು ಬೆಳೆಯುವುದಿಲ್ಲ. ಸ್ಕ್ರೀನು ಒಳ್ಳೆಯದಾದಷ್ಟೂ ತೊಂದರೆ ಜಾಸ್ತಿ.

ಪಿಕ್ಸೆಲ್ಲನ್ನೆಲ್ಲ ಹುಡುಕಿ ತೆಗೆದೆ. ಅಂತರ, ಅಂಚು, ಐಕಾನಿನ ಗಾತ್ರ ಎಲ್ಲಾ ಡಿಪಿಗೆ ಬಂತು. ಅಕ್ಷರ ಎಲ್ಲಾ ಎಸ್‌ಪಿಗೆ ಬಂತು. ಕೆಲವು ಕಡೆ ಪುಟ ಹಾಳಾಗಬಾರದು ಅಂತ ಅಕ್ಷರವನ್ನೂ ಡಿಪಿಯಲ್ಲಿ ಕಟ್ಟಿಹಾಕಿದ್ದರು. ಹಾಗೆ ಮಾಡಿದರೆ ಪುಟ ಹಾಳಾಗುವುದಿಲ್ಲ ನಿಜ. ಆದರೆ ದೊಡ್ಡ ಅಕ್ಷರ ಬೇಕು ಅಂತ ಸೆಟ್ಟಿಂಗು ಬದಲಿಸಿದ ಮನುಷ್ಯನಿಗೆ ಆಪ್ "ಆಗುವುದಿಲ್ಲ" ಅಂದ ಹಾಗಾಯಿತು. ಅದು ನನಗೆ ಒಪ್ಪಿಗೆ ಇಲ್ಲ.

ಪಟ್ಟಿಯೋ, ಕಾರ್ಡೋ

ಅಳತೆ ಬದಲಿಸಿದ್ದಕ್ಕೇ ಕೆಲಸ ಮುಗಿಯಲಿಲ್ಲ. ಈಗ ಅಕ್ಷರ ಬೆಳೆಯುತ್ತದೆ. 320 ಡಿಪಿಯಲ್ಲಿ ನಾಲ್ಕು ಕಾಲಮ್ಮು, ಅಕ್ಷರ ಎರಡು ಪಟ್ಟು. ಯಾವ ಮಂತ್ರ ಹಾಕಿದರೂ ಕೂರುವುದಿಲ್ಲ. ಅಡ್ಡಡ್ಡ ಸರಿಸುವ ಪಟ್ಟಿ ಮಾಡಬಹುದು ಅಂತ ಯೋಚಿಸಿದೆ, ಕೈಬಿಟ್ಟೆ. ಬಲಗಡೆ ಇನ್ನೊಂದು ಕಾಲಮ್ಮು ಇದೆ ಅಂತ ಗೊತ್ತಾಗದವರಿಗೆ ಆ ಕಾಲಮ್ಮು ಇಲ್ಲದ ಹಾಗೇ ಅಲ್ವಾ?

ಹಾಗಾಗಿ ಎರಡು ರೂಪ ಮಾಡಿದೆ. ಜಾಗ ಇದ್ದರೆ ಪಟ್ಟಿ. ಇಲ್ಲದಿದ್ದರೆ ಒಂದೊಂದು ಅಡಿಕೆಗೆ ಒಂದೊಂದು ಕಾರ್ಡು. ಕಾರ್ಡಿನಲ್ಲಿ ಮೇಲೆ ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಾಲಿ ಅಂತ ಹೆಸರು. ಕೆಳಗೆ ಸರಾಸರಿ ಬೆಲೆ ದೊಡ್ಡದಾಗಿ, ಅದಕ್ಕೇ ಒಂದು ಪೂರ್ತಿ ಸಾಲು. ಅದರ ಕೆಳಗೆ ಕನಿಷ್ಠ, ಗರಿಷ್ಠ. ಅವೆರಡೂ ಒಂದೇ ಸಾಲಿನಲ್ಲಿ ಹಿಡಿಸದಿದ್ದರೆ ತಾವೇ ಒಂದರ ಕೆಳಗೊಂದು ಬರುತ್ತವೆ. ಬೆಲೆಯ ಸಾಲು ಮಧ್ಯದಲ್ಲಿ ಮುರಿಯುವುದಕ್ಕೆ ಬಿಟ್ಟಿಲ್ಲ. ₹48, ಒಂದು ಸಾಲು, 599 ಇನ್ನೊಂದು ಸಾಲು ಆದರೆ ತುಂಡಾದಷ್ಟೇ ಕೆಟ್ಟದು.

ಯಾವಾಗ ಪಟ್ಟಿ, ಯಾವಾಗ ಕಾರ್ಡು ಅನ್ನುವುದನ್ನು ಹೇಗೆ ನಿರ್ಧಾರ ಮಾಡುವುದು? ಈ ರಿಪೇರಿಯಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದು. ಸಾಮಾನ್ಯವಾಗಿ ಹೇಳುವ ದಾರಿ ಅಂದರೆ ಅಗಲಕ್ಕೆ ತಕ್ಕ ಹಾಗೆ ಬೇರೆ ಬೇರೆ ಲೇಔಟ್ (ಪುಟದ ಜೋಡಣೆಯ) ಫೋಲ್ಡರು ಇಡುವುದು. 400 ಡಿಪಿ ಅಥವಾ ಅದಕ್ಕಿಂತ ಜಾಸ್ತಿ ಅಗಲಕ್ಕೆ ಇರುವ ಡಬ್ಲ್ಯೂ400ಡಿಪಿ ಫೋಲ್ಡರಿನಲ್ಲಿ ಪಟ್ಟಿ, ಮಾಮೂಲಿ ಫೋಲ್ಡರಿನಲ್ಲಿ ಕಾರ್ಡು. ಆದರೆ ಆ ಫೋಲ್ಡರಿನ ಹೆಸರಿಗೆ ಅಕ್ಷರದ ಗಾತ್ರ ಗೊತ್ತಿಲ್ಲ. 411 ಡಿಪಿಯ ಫೋನಿನಲ್ಲಿ ಅಕ್ಷರ ಎರಡು ಪಟ್ಟಾಗಿದ್ದರೆ ಆಂಡ್ರಾಯ್ಡ್ ಪಟ್ಟಿಯನ್ನೇ ಆರಿಸುತ್ತದೆ, ಬೆಲೆ ಮತ್ತೆ ತುಂಡಾಗುತ್ತದೆ.

ಅಗಲವನ್ನು ಅಕ್ಷರದ ಗಾತ್ರದಿಂದ ಭಾಗಿಸಿ ನೋಡಬಹುದಲ್ಲ ಅನ್ನಿಸುತ್ತದೆ. ಆಂಡ್ರಾಯ್ಡ್ 13ರವರೆಗೆ ಅದು ನಡೆಯುತ್ತಿತ್ತು. 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು 200 ಪರ್ಸೆಂಟಿನವರೆಗೆ ದೊಡ್ಡದು ಮಾಡಬಹುದು, ಆದರೆ ಎಲ್ಲಾ ಅಕ್ಷರವೂ ಒಂದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಸಣ್ಣ ಅಕ್ಷರ ಜಾಸ್ತಿ ಬೆಳೆಯುತ್ತದೆ, ಮೊದಲೇ ದೊಡ್ಡದಿರುವ ತಲೆಬರಹ ಕಡಿಮೆ ಬೆಳೆಯುತ್ತದೆ. ಒಳ್ಳೆಯ ಯೋಚನೆ ಅದು. ಆದರೆ ನಮ್ಮ ಭಾಗಾಕಾರದ ಲೆಕ್ಕ ತಪ್ಪುತ್ತದೆ.

ಕೊನೆಗೆ ಲೆಕ್ಕ ಬಿಟ್ಟು ಅಳೆಯುವುದೇ ಸರಿ ಅಂತ ತೀರ್ಮಾನಿಸಿದೆ. ಪುಟಕ್ಕೆ ನಿಜವಾಗಿ ಸಿಕ್ಕಿದ ಅಗಲ ತೆಗೆದುಕೊಳ್ಳುವುದು. ಪಟ್ಟಿಯ ಅದೇ ಅಕ್ಷರಶೈಲಿ, ಅದೇ ಗಾತ್ರ ಇಟ್ಟ ಪೇಂಟ್ (ಕೋಡಿನಲ್ಲಿ ಅಕ್ಷರ ಬರೆಯಲು ಬಳಸುವ ವಸ್ತು) ಕೈಯಲ್ಲಿ ಆ ದಿನದ ಉದ್ದದ ಹೆಸರನ್ನೂ ₹88,888 ಅನ್ನುವ ಅಗಲದ ಬೆಲೆಯನ್ನೂ ಅಳೆಸುವುದು. ಮೇಷರ್‌ಟೆಕ್ಸ್ಟ್ ಅನ್ನುವ ಫಂಕ್ಷನ್ ಇದಕ್ಕೇ ಇದೆ. ಒಂದು ಹೆಸರು, ಮೂರು ಬೆಲೆ, ನಡುವಿನ ಅಂತರ ಎಲ್ಲಾ ಕೂಡಿಸಿ ಅಗಲದೊಳಗೆ ಬಂದರೆ ಪಟ್ಟಿ, ಬರದಿದ್ದರೆ ಕಾರ್ಡು. ಸ್ಕ್ರೀನಿನ ಅಗಲ ತೆಗೆದುಕೊಳ್ಳದೆ ಪುಟದ ಅಗಲ ತೆಗೆದುಕೊಂಡದ್ದರಿಂದ ಸ್ಕ್ರೀನನ್ನು ಅರ್ಧ ಮಾಡಿ ಪಕ್ಕದಲ್ಲಿ ವಾಟ್ಸ್ಯಾಪ್ ತೆರೆದುಕೊಂಡವರಿಗೂ ಸರಿಯಾಗುತ್ತದೆ.

ಕನ್ನಡದಲ್ಲಿ ಅಕ್ಷರ ಎಣಿಸಿ ಅಗಲ ಅಂದಾಜು ಮಾಡುವುದಂತೂ ಆಗದ ಮಾತು. "ಕೆಂಪುಗೋಟು" ನಮಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒಂಬತ್ತು ಸಂಕೇತ. ಸ್ಕ್ರೀನಿನ ಮೇಲೆ ಅದು ಎಷ್ಟು ಅಗಲ ಅನ್ನುವುದು ಈ ಎರಡು ಸಂಖ್ಯೆಯಿಂದಲೂ ತಿಳಿಯುವುದಿಲ್ಲ. ಅಳೆದೇ ನೋಡಬೇಕು.

ಒತ್ತಕ್ಷರ ಎಲ್ಲಿ ಹೋಯಿತು

ಅಗಲ ಸರಿಯಾಯಿತು, ಎತ್ತರ ಬಾಕಿ ಇತ್ತು. ಹಳೇ ಪಟ್ಟಿಯ ತಲೆಸಾಲಿನಲ್ಲಿ "ಕನಿಷ್ಠ", "ಗರಿಷ್ಠ" ಎರಡರದ್ದೂ ಕೆಳಗಿನ ಒತ್ತು ಕತ್ತರಿಸಿತ್ತು. "ಬೆಟ್ಟೆ" ಹೋಗಿ "ಬೆಟೆ" ಆಗಿತ್ತು. ಸಾಲಿಗೆ ಗಟ್ಟಿಯಾಗಿ 24 ಡಿಪಿ ಎತ್ತರ ಕೊಟ್ಟಿದ್ದರು. ಜೊತೆಗೆ ಅಕ್ಷರದ ಮೇಲೆ ಕೆಳಗೆ ಫಾಂಟು ಬಿಟ್ಟುಕೊಳ್ಳುವ ಜಾಗವನ್ನೂ ತೆಗೆದುಹಾಕಿದ್ದರು. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಆರಾಮಾಗಿ ಕೂರುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತು, ಕೆಲವು ಸಲ ಒತ್ತಿನ ಮೇಲೊತ್ತು. ಎರಡೂ ಕಡೆ ಉಸಿರಾಡುವ ಜಾಗ ಬೇಕು.

ಗಟ್ಟಿ ಎತ್ತರವನ್ನು ಎಲ್ಲಾ ಕಡೆ ತೆಗೆದೆ. ಒಳಗಿನ ಅಕ್ಷರ ಎಷ್ಟು ಬೇಡುತ್ತದೋ ಅಷ್ಟು ಎತ್ತರ, ಕಡಿಮೆ ಅಂದರೆ ಇಷ್ಟು ಅಂತ ಒಂದು ಮಿತಿ ಮಾತ್ರ. ಫಾಂಟಿನ ಜಾಗವನ್ನು ವಾಪಸ್ ಕೊಟ್ಟೆ. ಸಾಲುಗಳ ನಡುವಿನ ಅಂತರವನ್ನು ಎಸ್‌ಪಿಗೆ ಬದಲಿಸಿದೆ, ಇಲ್ಲದಿದ್ದರೆ ಅಕ್ಷರ ಬೆಳೆದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ.

ಇದರಲ್ಲಿ ಆಂಡ್ರಾಯ್ಡಿನ ಆವೃತ್ತಿಗಳ ಆಟವೂ ಇದೆ. ಫೋನಿನ ಮುಖ್ಯ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದಾಗ ವ್ಯವಸ್ಥೆ ಬೇರೆ ಫಾಂಟಿನಿಂದ ಕನ್ನಡ ಅಕ್ಷರ ತರುತ್ತದೆ. ಹಾಗೆ ತಂದ ಫಾಂಟಿನ ಎತ್ತರವನ್ನು ಸಾಲಿನ ಎತ್ತರಕ್ಕೆ ಲೆಕ್ಕ ಹಿಡಿಯುವ ಗುಣ ಬಂದದ್ದು ಆಂಡ್ರಾಯ್ಡ್ 9ರಲ್ಲಿ. ಅದಕ್ಕಿಂತ ಹಿಂದಿನ ಫೋನಿನಲ್ಲಿ ನಾವೇ ಜಾಗ ಬಿಡಬೇಕು. ಇನ್ನೊಂದು ಮುಖ್ಯವಾದದ್ದು. ಕನ್ನಡ, ತೆಲುಗು, ತಮಿಳು, ಮಲಯಾಳಂನಂಥ ಲಿಪಿಗಳಿಗೆ ಆಂಡ್ರಾಯ್ಡಿನಲ್ಲಿ ಒತ್ತಿ ಕುಗ್ಗಿಸಿದ ಒಂದು ಫಾಂಟೂ, ಪೂರ್ತಿ ಎತ್ತರದ ಒಂದು ಫಾಂಟೂ ಇದ್ದವು. ಆಪ್ ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟರೆ, ಅಂದರೆ ಆ ಆವೃತ್ತಿಯ ನಿಯಮಕ್ಕೆ ತಕ್ಕಂತೆ ಮಾಡಿದ್ದು ಅಂತ ಕೋಡಿನಲ್ಲಿ ಹೇಳಿದರೆ, ಪೂರ್ತಿ ಎತ್ತರದ್ದೇ ತಾನಾಗಿ ಬರುತ್ತದೆ. 16ಕ್ಕೆ ಗುರಿಯಿಟ್ಟರೆ ಬೇಡ ಅನ್ನುವ ಅವಕಾಶವೂ ಇಲ್ಲ. ಓದುವವರಿಗೆ ಇದು ಒಳ್ಳೆಯದೇ. ಆದರೆ ಗಟ್ಟಿ ಎತ್ತರ ಕೊಟ್ಟು ಹೇಗೋ ನಡೆಸಿಕೊಂಡು ಬಂದಿದ್ದ ಪುಟಗಳು ಆ ದಿನ ಕತ್ತರಿಸಿಕೊಳ್ಳುತ್ತವೆ.

ಪರೀಕ್ಷೆಗೆ ಅಂತ ಪಟ್ಟಿಯಲ್ಲಿ ಒಂದು ಸುಳ್ಳು ಸಾಲು ಸೇರಿಸಿಕೊಂಡೆ. ಅದರ ಹೆಸರು "ರಾಷ್ಟ್ರೀಯ". ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಇದು ಪೂರ್ತಿ ಕಂಡರೆ ಅಡಿಕೆಯ ಯಾವ ಹೆಸರೂ ಕಂಡೇ ಕಾಣುತ್ತದೆ. ಬಿಡುಗಡೆಗೆ ಮೊದಲು ಅಳಿಸಲು ಮರೆಯಬಾರದು ಅಷ್ಟೇ.

480ರಲ್ಲಿ ಬೀಳುವ ಆಪ್

ಇನ್ನು ಫೋಟೋ ಪುಟ. ಯಾವ ಅಡಿಕೆ ಹೇಗಿರುತ್ತದೆ ಅಂತ ತೋರಿಸಲು ಒಂದೊಂದಕ್ಕೂ ಒಂದು ಫೋಟೋ ಇದೆ. ಹೊಸಬರಿಗೆ, ತೋಟ ಬಿಟ್ಟು ಪೇಟೆಯಲ್ಲಿ ಬೆಳೆದ ಮಕ್ಕಳಿಗೆ ಅನುಕೂಲ. ನನ್ನ ಫೋನಿನಲ್ಲಿ ಆ ಪುಟ ನಿಧಾನವಾಗಿ ತೆರೆಯುತ್ತಿತ್ತು. ದೊಡ್ಡಪ್ಪನ ಫೋನಿನಲ್ಲಿ ಆಪ್ ಮುಚ್ಚಿಹೋಗುತ್ತಿತ್ತು. ಅತ್ತಿಗೆಯ ಹಳೇ ಫೋನಿನಲ್ಲಿ ಸರಾಗವಾಗಿ ತೆರೆಯುತ್ತಿತ್ತು! ಹಳೇದು ಗೆದ್ದು ಹೊಸದು ಸೋಲುವುದಕ್ಕೆ ಕಾರಣ ಬೇಕಲ್ಲ.

ನನ್ನ ಫೋನಿನಲ್ಲೇ ಡಬ್ಲ್ಯೂಎಂ ಡೆನ್ಸಿಟಿಯನ್ನು 480 ಮಾಡಿದೆ. ಆಪ್ ತಕ್ಷಣ ಬಿತ್ತು. 420ಕ್ಕೆ ತಂದೆ, ಬೀಳಲಿಲ್ಲ. ಅಲ್ಲಿಗೆ ಕಳ್ಳ ಸಿಕ್ಕಿದ.

ಫೋಟೋಗಳು 2000×1500 ಪಿಕ್ಸೆಲ್ಲಿನವು. ಅವುಗಳನ್ನು ಡ್ರಾಯೆಬಲ್ ಅನ್ನುವ ಮಾಮೂಲಿ ಫೋಲ್ಡರಿನಲ್ಲಿ ಇಟ್ಟಿದ್ದರು. ಡೆನ್ಸಿಟಿಯ ಹೆಸರಿಲ್ಲದ ಆ ಫೋಲ್ಡರಿನ ಚಿತ್ರ 160 ಡಿಪಿಐಗೆ ಮಾಡಿದ್ದು ಅಂತ ಆಂಡ್ರಾಯ್ಡ್ ತಿಳಿದುಕೊಳ್ಳುತ್ತದೆ. 480 ಡಿಪಿಐ ಫೋನಿನಲ್ಲಿ ಅದನ್ನು ಮೂರು ಪಟ್ಟು ಹಿಗ್ಗಿಸುತ್ತದೆ. 2000×1500 ಇದ್ದದ್ದು 6000×4500 ಆಗುತ್ತದೆ. ಒಂದು ಪಿಕ್ಸೆಲ್ಲಿಗೆ 4 ಬೈಟ್. ಒಟ್ಟು 10 ಕೋಟಿ 80 ಲಕ್ಷ ಬೈಟ್. ಒಂದೇ ಫೋಟೋಗೆ! ಆಂಡ್ರಾಯ್ಡಿನಲ್ಲಿ ಒಂದು ಚಿತ್ರ ಬಿಡಿಸುವ ಮಿತಿ 100 ಎಂಬಿ, ಅಂದರೆ 10 ಕೋಟಿ 48 ಲಕ್ಷ ಬೈಟಿನ ಮೇಲೆ ಸ್ವಲ್ಪ. ಅದನ್ನು ದಾಟಿದರೆ ಚಿತ್ರ ತುಂಬಾ ದೊಡ್ಡದು ಅಂತ ಹೇಳಿ ಆಪನ್ನು ನಿಲ್ಲಿಸುತ್ತದೆ. ನನ್ನ 420ರಲ್ಲಿ ಅದೇ ಫೋಟೋ 8 ಕೋಟಿ 27 ಲಕ್ಷ ಬೈಟಿಗೆ ನಿಲ್ಲುತ್ತದೆ, ಹಾಗಾಗಿ ಬರೀ ನಿಧಾನ. ಅತ್ತಿಗೆಯ 240ರಲ್ಲಿ ಒಂದೂವರೆ ಪಟ್ಟು ಮಾತ್ರ, ಹಾಗಾಗಿ ಸರಾಗ.

ರಿಪೇರಿ ಸಣ್ಣದು. ಫೋಟೋಗಳನ್ನು 1200×900ಕ್ಕೆ ಇಳಿಸಿ ವೆಬ್‌ಪಿ ಅನ್ನುವ ಚಿತ್ರರೂಪಕ್ಕೆ ಬದಲಿಸಿದೆ. ನೋ-ಡಿಪಿಐ (nodpi) ಹೆಸರಿನ ಫೋಲ್ಡರಿಗೆ ಹಾಕಿದೆ. ಅಲ್ಲಿಟ್ಟ ಚಿತ್ರವನ್ನು ಆಂಡ್ರಾಯ್ಡ್ ಹಿಗ್ಗಿಸುವುದಿಲ್ಲ. ಈಗ ಒಂದು ಫೋಟೋಗೆ 43 ಲಕ್ಷ 20 ಸಾವಿರ ಬೈಟ್. ನಾನು ಅಳೆದ ಫೋನುಗಳ ಅಗಲ ಹೆಚ್ಚೆಂದರೆ 1080 ಪಿಕ್ಸೆಲ್ಲೇ ಆದ್ದರಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಐಕಾನುಗಳದ್ದು ಬೇಗ ಮುಗಿಯಿತು. ರಿಫ್ರೆಶ್, ಹಂಚು, ಕ್ಯಾಲೆಂಡರ್ ಎಲ್ಲವನ್ನೂ ವೆಕ್ಟರ್, ಅಂದರೆ ಎಷ್ಟು ಹಿಗ್ಗಿಸಿದರೂ ಮಸುಕಾಗದ ಗೆರೆಯ ಚಿತ್ರ ಮಾಡಿದೆ. ಆಂಡ್ರಾಯ್ಡ್ 5ರಿಂದ ವೆಕ್ಟರ್ ನಡೆಯುತ್ತದೆ, ಯಾವ ಡೆನ್ಸಿಟಿಗೂ ಒಂದೇ ಫೈಲು. ಆಪಿನ ಐಕಾನು ಮಾತ್ರ ಸ್ವಲ್ಪ ನೋಡಿ ಮಾಡಬೇಕು. ಆಂಡ್ರಾಯ್ಡ್ 8ರಿಂದ ಅದು 108 ಡಿಪಿಯ ಎರಡು ಪದರ. ಒಂದೊಂದು ಕಂಪನಿಯ ಫೋನು ಒಂದೊಂದು ಆಕಾರಕ್ಕೆ ಕತ್ತರಿಸುತ್ತದೆ. ಮಧ್ಯದ 66 ಡಿಪಿಯೊಳಗೆ ಇದ್ದದ್ದು ಮಾತ್ರ ಖಂಡಿತ ಉಳಿಯುತ್ತದೆ. ಅಡಿಕೆ ಗೊನೆಯ ಚಿತ್ರ ಅಂಚಿನವರೆಗೆ ಇತ್ತು, ಒಳಗೆ ಸರಿಸಿದೆ. ತಲೆಬರಹ ಬರೆದ ಒಂದು ಪಿಎನ್‌ಜಿ ಚಿತ್ರ ಇತ್ತು, ಅದನ್ನು ತೆಗೆದು ಮಾಮೂಲಿ ಅಕ್ಷರ ಹಾಕಿದೆ. ಚಿತ್ರದೊಳಗಿನ ಕನ್ನಡ ದೊಡ್ಡದೂ ಆಗುವುದಿಲ್ಲ, ಓದಿ ಹೇಳುವ ಟಾಕ್‌ಬ್ಯಾಕಿಗೆ ತಿಳಿಯುವುದೂ ಇಲ್ಲ.

ಬೆರಳು, ಬಿಸಿಲು, ಅಂಚು

ಗುಂಡಿಗಳಿಗೆ ಕನಿಷ್ಠ 48 ಡಿಪಿ ಇರಲಿ ಅನ್ನುವುದು ಆಂಡ್ರಾಯ್ಡಿನ ಸಲಹೆ. ಲೆಕ್ಕ ಹಾಕಿದರೆ ಸುಮಾರು 7.6 ಮಿಲಿಮೀಟರ್. ನಾನು 56 ಇಟ್ಟೆ, ಹತ್ತಿರ ಹತ್ತಿರ 9 ಮಿಲಿಮೀಟರ್. ಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯುವವರ ಬೆರಳಿಗೆ ಚೊಗರು ಹತ್ತಿರುತ್ತದೆ, ಮಳೆಗಾಲದಲ್ಲಿ ಕೈ ಒದ್ದೆ. ಬೆರಳ ತುದಿಯಲ್ಲಿ ನಾಜೂಕಾಗಿ ಒತ್ತುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಊರು ಬದಲಿಸುವ ನಾಲ್ಕು ಗುಂಡಿ ಒಂದೇ ಸಾಲಿನಲ್ಲಿ ಹಿಡಿಸದಿದ್ದರೆ ಎರಡು ಸಾಲಾಗುತ್ತವೆ. "ಯಲ್ಲಾಪುರ" ಅರ್ಧ ಕತ್ತರಿಸುವುದಿಲ್ಲ.

ಬಿಸಿಲಿನ ಅಂಗಳದಲ್ಲಿ ನಿಂತು ನೋಡಿದಾಗ ತಿಳಿ ಬೂದು ಬಣ್ಣದ ಅಕ್ಷರ ಮಾಯವಾಗುತ್ತಿತ್ತು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಅನ್ನುವ ಅಳತೆ ಇದೆ. ಬೆಲೆಗೆ ಕಪ್ಪೇ ಇರಲಿ ಅಂತ ಬಿಟ್ಟೆ.

ಆಂಡ್ರಾಯ್ಡ್ 15ಕ್ಕೆ ಗುರಿಯಿಟ್ಟ ಕೂಡಲೇ ಪುಟ ಸ್ಕ್ರೀನಿನ ಅಂಚಿನಿಂದ ಅಂಚಿಗೆ ಹರಡಿಕೊಂಡಿತು. ತಲೆಬರಹ ಗಡಿಯಾರದ ಕೆಳಗೆ ಸಿಕ್ಕಿಕೊಂಡಿತು. ಕೊನೆಯ ಕಾರ್ಡಿನ ಬೆಲೆ ಕೆಳಗಿನ ಮೂರು ಗುಂಡಿಯ ಹಿಂದೆ ಹೋಯಿತು. ಮತ್ತೆ ಬೆಲೆಗೇ ಕುತ್ತು! ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಅಂತ ವ್ಯವಸ್ಥೆ ತಿಳಿಸುವ ಇನ್‌ಸೆಟ್ ಅಳತೆ ತೆಗೆದುಕೊಂಡು ಪಟ್ಟಿಗೆ ಅಷ್ಟು ಒಳಅಂತರ ಕೊಟ್ಟೆ. ಕ್ಯಾಮೆರಾದ ತೂತು ಇರುವ ಫೋನು ಅಡ್ಡ ಹಿಡಿದಾಗಲೂ ಅದೇ ಅಳತೆ ಕಾಯುತ್ತದೆ.

ಮಂಡಿಯ ಟ್ಯಾಬ್ಲೆಟ್

ಪರಿಚಯದ ಒಂದು ಅಡಿಕೆ ಮಂಡಿಯಲ್ಲಿ ಹತ್ತಿಂಚಿನ ಟ್ಯಾಬ್ಲೆಟ್ ಇದೆ. 1200×1920, ಡಿಪಿಐ 240. ಉದ್ದ ಹಿಡಿದರೆ 800 ಡಿಪಿ ಅಗಲ, ಅಡ್ಡ ಹಿಡಿದರೆ 1280. ಅದರಲ್ಲಿ ಆಪ್ ಫೋನಿನ ಪುಟವನ್ನೇ ಎಳೆದು ತೋರಿಸುತ್ತಿತ್ತು. ಹೆಸರು ಎಡತುದಿಯಲ್ಲಿ, ಬೆಲೆ ಬಲತುದಿಯಲ್ಲಿ. ನಡುವೆ ಕಣ್ಣು ಸಾಲು ತಪ್ಪುತ್ತಿತ್ತು. ಬೆಟ್ಟೆಯ ಸಾಲಿನಲ್ಲಿ ಹೊರಟು ಚಾಲಿಯ ಬೆಲೆ ಓದಿದರೆ ಅದೂ ತಪ್ಪು ಬೆಲೆಯೇ.

ಇಲ್ಲಿ ಆಂಡ್ರಾಯ್ಡಿನ ಸಿದ್ಧ ವಿಂಗಡಣೆಯೇ ಸಾಕಾಯಿತು. 600 ಡಿಪಿಗಿಂತ ಕಡಿಮೆ ಅಗಲ ಇಕ್ಕಟ್ಟು, 600ರಿಂದ 840ರ ಒಳಗೆ ಮಧ್ಯಮ, 840 ದಾಟಿದರೆ ವಿಶಾಲ. ಮಧ್ಯಮದಲ್ಲಿ ಪಟ್ಟಿಗೆ ಒಂದು ಗರಿಷ್ಠ ಅಗಲ ಕೊಟ್ಟು ನಡುವಿನಲ್ಲಿ ನಿಲ್ಲಿಸಿದೆ. ವಿಶಾಲದಲ್ಲಿ ಎರಡು ಊರಿನ ಪಟ್ಟಿ ಅಕ್ಕಪಕ್ಕ. ಶಿರಸಿಯದ್ದೂ ಕುಮಟಾದ್ದೂ ಒಟ್ಟಿಗೆ ಕಾಣುವುದು ಮಂಡಿಯವರಿಗೆ ಬಹಳ ಇಷ್ಟವಾಯಿತು. ಕುಮಟಾದಲ್ಲಿ ಹಳೆ ಚಾಲಿ, ಹೊಸ ಚಾಲಿ, ಕೋಕಾ, ಚಿಪ್ಪು ಅಂತ ವಿಂಗಡಣೆಯೇ ಬೇರೆ. ಹಾಗಾಗಿ ಎರಡು ಪಟ್ಟಿಯ ಸಾಲನ್ನು ಎದುರುಬದುರು ಜೋಡಿಸುವ ಗೋಜಿಗೆ ಹೋಗಲಿಲ್ಲ.

ಹಳೇ ಕೋಡಿನಲ್ಲಿ ಪುಟ ಉದ್ದಕ್ಕೇ ನಿಲ್ಲಬೇಕು ಅಂತ ಬೀಗ ಹಾಕಿದ್ದರು. ಅದನ್ನೂ ತೆಗೆದೆ. ಆಂಡ್ರಾಯ್ಡ್ 16ಕ್ಕೆ ಗುರಿಯಿಟ್ಟ ಆಪಿನ ಆ ಬೀಗವನ್ನು 600 ಡಿಪಿ ಮೇಲ್ಪಟ್ಟ ದೊಡ್ಡ ಸ್ಕ್ರೀನುಗಳಲ್ಲಿ ವ್ಯವಸ್ಥೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿರುಗಿಸಿದಾಗ ಓದುತ್ತಿದ್ದ ಜಾಗ ಕಳೆದುಹೋಗದ ಹಾಗೆ ನೋಡಿಕೊಳ್ಳುವುದು ಅನಿವಾರ್ಯ.

ಒಂದೇ ಫೋನಿನಲ್ಲಿ ಹತ್ತು ಫೋನು

ಪರೀಕ್ಷೆಗೆ ಎಲ್ಲರ ಫೋನು ಕೇಳುತ್ತಾ ತಿರುಗುವುದು ಆಗದ ಕೆಲಸ. ಡಬ್ಲ್ಯೂಎಂ ಸೈಜ್ 480x854, ಡೆನ್ಸಿಟಿ 240 ಕೊಟ್ಟರೆ ನನ್ನ ಫೋನೇ ಅತ್ತಿಗೆಯ ಫೋನಾಗುತ್ತದೆ. ಸಿಸ್ಟಮ್ ಸೆಟ್ಟಿಂಗಿನ ಫಾಂಟ್ ಸ್ಕೇಲನ್ನು 2.0 ಮಾಡಿದರೆ ಅಕ್ಷರ ಬೆಳೆಯುತ್ತದೆ. ಮುಗಿದ ಮೇಲೆ ಸೈಜ್, ಡೆನ್ಸಿಟಿ ಎರಡಕ್ಕೂ ರೀಸೆಟ್ ಹೇಳಬೇಕು. ಡೆನ್ಸಿಟಿಗೆ ಮನಸ್ಸಿಗೆ ಬಂದ ಸಂಖ್ಯೆ ಕೊಡಬೇಡಿ. ತೀರಾ ಹೆಚ್ಚಾದರೆ ಸೆಟ್ಟಿಂಗಿನ ಗುಂಡಿಯೇ ಸ್ಕ್ರೀನಿನಲ್ಲಿ ಸಿಗುವುದಿಲ್ಲ. ಕೇಬಲ್ ಜೋಡಿಸಿಕೊಂಡೇ ಇರಿ. ಕಂಪ್ಯೂಟರ್ ಇಲ್ಲದವರಿಗೆ ಡೆವಲಪರ್ ಆಯ್ಕೆಗಳಲ್ಲಿ ಸ್ಮಾಲೆಸ್ಟ್ ವಿಡ್ತ್ ಅಂತ ಇದೆ, ಅಲ್ಲಿ ನೇರವಾಗಿ 320 ಕೊಡಬಹುದು.

ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಅಗಲ 320, 360, 411, 800, ಅಕ್ಷರ 1.0, 1.3, 2.0 ಎಲ್ಲಾ ಜೋಡಿಗೂ ಸ್ಕ್ರೀನ್‌ಶಾಟ್ ತೆಗೆಸಿದೆ. ಹನ್ನೆರಡು ಚಿತ್ರ. ಒಂದು ಹಾಳೆಯಲ್ಲಿ ಜೋಡಿಸಿ ನೋಡಿದರೆ ಎಲ್ಲಿ ಕತ್ತರಿಸಿದೆ ಅಂತ ಕಣ್ಣಿಗೆ ತಕ್ಷಣ ಬೀಳುತ್ತದೆ. ಪ್ರತಿ ಬಿಡುಗಡೆಗೂ ಈಗ ಇದನ್ನು ಓಡಿಸುತ್ತೇನೆ.

ಹಂಚುವಾಗ ಬಂದ ಇನ್ನೊಂದು ತೊಡಕು ಹೇಳಲೇಬೇಕು. 2021ರ ಆಗಸ್ಟಿನಿಂದ ಪ್ಲೇ ಸ್ಟೋರಿಗೆ ಹೊಸ ಆಪ್ ಕೊಡುವುದಾದರೆ ಆಪ್ ಬಂಡಲ್ ರೂಪದಲ್ಲೇ ಕೊಡಬೇಕು. ಆಗ ಸ್ಟೋರು ಒಂದೊಂದು ಫೋನಿಗೆ ಆ ಫೋನಿನ ಡೆನ್ಸಿಟಿಯ ಚಿತ್ರಗಳನ್ನಷ್ಟೇ ಕಳಿಸುತ್ತದೆ. ಇಳಿಸಿಕೊಳ್ಳುವ ಗಾತ್ರ ಕಡಿಮೆ, ಒಳ್ಳೆಯದು. ಆದರೆ ಘಟ್ಟದ ಮೇಲಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವ ಜಾಗಕ್ಕೆ ಗುಡ್ಡ ಹತ್ತಬೇಕು. ಜನ ಆಪನ್ನು ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸಿಕೊಳ್ಳುತ್ತಾರೆ. ಹಾಗೆ ದಾಟಿಸುವಾಗ ಬರೀ ಮೂಲ ಎಪಿಕೆ (ಆಪ್ ಹಾಕಿಕೊಳ್ಳುವ ಫೈಲು) ಹೋಗಿ ಡೆನ್ಸಿಟಿಯ ತುಂಡು ಹೋಗದಿದ್ದರೆ ಚಿತ್ರ ಸಿಗದೆ ಆಪ್ ಬೀಳಬಹುದು. ಅದಕ್ಕೆ ಬಂಡಲಿನಿಂದ ಎಪಿಕೆ ಮಾಡುವ ಬಂಡಲ್‌ಟೂಲಿನಲ್ಲಿ ಯೂನಿವರ್ಸಲ್ ಅನ್ನುವ ರೀತಿ ಆರಿಸಿ ಎಲ್ಲಾ ಡೆನ್ಸಿಟಿಯೂ ಇರುವ ಒಂದೇ ಎಪಿಕೆ ಮಾಡಿಟ್ಟಿದ್ದೇನೆ. ಕೈಯಿಂದ ಕೈಗೆ ಹೋಗುವುದು ಅದೇ.

ಇನ್ನು ಬಾಕಿ ಇರುವುದು ಹೋಮ್ ಸ್ಕ್ರೀನಿನ ವಿಜೆಟ್. ಆಪ್ ತೆರೆಯದೆ ರಾಶಿ, ಚಾಲಿ ಬೆಲೆ ಕಾಣಬೇಕು ಅಂತ ಮಂಡಿಯವರೂ ಕೇಳಿದ್ದಾರೆ, ಅತ್ತಿಗೆಯೂ ಕೇಳಿದ್ದಾರೆ. ಆಂಡ್ರಾಯ್ಡ್ 12ರಿಂದ ವಿಜೆಟ್ಟಿಗೆ ಗಾತ್ರಕ್ಕೊಂದರಂತೆ ಹಲವು ಲೇಔಟ್ ಕೊಡಬಹುದು, ಜಾಗ ನೋಡಿ ಫೋನೇ ಆರಿಸಿಕೊಳ್ಳುತ್ತದೆ. ತೀರಾ ಚಿಕ್ಕದಕ್ಕೆ ಒಂದು ಹೆಸರು, ಒಂದು ಬೆಲೆ ಅಂತ ಯೋಚಿಸಿದ್ದೇನೆ. ಅತ್ತಿಗೆಯ ಫೋನು ಅದಕ್ಕಿಂತ ಹಳೇದು. ಆಂಡ್ರಾಯ್ಡ್ 12ಕ್ಕಿಂತ ಹಿಂದಿನ ಫೋನುಗಳಿಗೆ ಆ ಒಂದು ಬೆಲೆಯ ಲೇಔಟನ್ನೇ ಕೊಡುತ್ತೇನೆ.